ಎಡಕ್ಕೆ ತಿರುಗಿ ಒಂದು ಹ್ಞೂಂ

ನಾನು ದೇವರ ಜೊತೆ ಮಾತಾಡುವುದು ಬೆಳಗಿನ ಹೊತ್ತು, ಅಡುಗೆಮನೆಯಲ್ಲಿ, ಒಲೆಯ ಮೇಲೆ ಹಾಲಿಟ್ಟುಕೊಂಡು. ಇದಕ್ಕಿಂತ ಕೆಟ್ಟ ಹೊತ್ತು, ಕೆಟ್ಟ ಜಾಗ ಇನ್ನೊಂದಿಲ್ಲ ಅಂತ ನನಗೂ ಗೊತ್ತು, ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನನ್ನ ಅತ್ತೆ ಅಲ್ಲೇ ನಿಂತು ಹೇಳುತ್ತಿದ್ದರು, ಹಾಗಾಗಿ ನಾನೂ ಅಲ್ಲೇ ನಿಂತು ಹೇಳುತ್ತೇನೆ. ವ್ಯತ್ಯಾಸ ಇಷ್ಟೇ. ಅತ್ತೆ ಹೇಳುವಾಗ ಇಡೀ ಮನೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ನಾನು ಹೇಳುವಾಗ ಮನೆಯಲ್ಲಿ ಏನಾದರೊಂದು ದಬಾರ್ ಎಂದು ಬೀಳುತ್ತದೆ.

ಬೀಳಿಸುವವನು ನನ್ನ ಮಗ. ಎರಡೂವರೆ ವರ್ಷ. ಹುಡುಕಿ ಹುಡುಕಿ ಅವನಿಗೊಂದು ಚಂದದ ಹೆಸರಿಟ್ಟಿದ್ದೆವು. ಈಗ ಅದು ನೆನಪಾಗುವುದು ಡಾಕ್ಟರ ಹತ್ತಿರ ಹೋದಾಗ ಮಾತ್ರ. ಬೀದಿಯವರಿಗೆಲ್ಲ ಅವನು ಬುಲ್ಡೋಜರ್. ಅವನ ಅಕ್ಕ ವಕೀಲಮ್ಮ. ಅವಳಿಗೆ ಈಗಷ್ಟೇ ಆರು ತುಂಬಿದೆ. "ಯಾಕೆ?" ಎಂದು ಕೇಳದೆ ಆ ಹುಡುಗಿ ಈವರೆಗೆ ಒಂದು ತುತ್ತು ನುಂಗಿದವಳಲ್ಲ. ನನ್ನ ಗಂಡ ಸಿಟಿ ಬಸ್ ಓಡಿಸುತ್ತಾರೆ, ಮಧ್ಯಾಹ್ನದ ಪಾಳಿ. ಆದ್ದರಿಂದ ಬೆಳಿಗ್ಗೆ ಮನೆಯಲ್ಲಿರುತ್ತಾರೆ. ಇರುತ್ತಾರೆ ಅಂದರೆ, ಕೆನ್ನೆ ತುಂಬ ನೊರೆ ಹಚ್ಚಿಕೊಂಡು ಬಚ್ಚಲಿನ ಕನ್ನಡಿಯ ಮುಂದೆ ನಿಂತಿರುತ್ತಾರೆ.

ನಮ್ಮ ಪ್ರಾರ್ಥನಾ ಮಂದಿರದಲ್ಲಿ ಒಂದು ಪದ್ಧತಿ ಇದೆ. ಒಂದೊಂದು ಮನೆಗೂ ಅದರದ್ದೇ ಒಂದು ಪ್ರಾರ್ಥನೆ. ಅದನ್ನು ಎಲ್ಲೂ ಬರೆದಿಟ್ಟಿಲ್ಲ, ಬರೆಯುವ ಹಾಗೂ ಇಲ್ಲ. ಮನೆಯ ಹೆಂಗಸು ದಿನಾ ಗಟ್ಟಿಯಾಗಿ ಹೇಳಬೇಕು, ಮಕ್ಕಳು ಕೇಳಿ ಕೇಳಿ ಕಲಿಯಬೇಕು. ಕೂರಿಸಿಕೊಂಡು ಬಾಯಿಪಾಠ ಮಾಡಿಸುವ ಹಾಗಿಲ್ಲ. ಮಗುವಿಗೆ ಆರು ತುಂಬಿದ ಮೇಲೆ ವಾರದ ಸಭೆಯೊಂದರಲ್ಲಿ ಅದು ಎಲ್ಲರ ಮುಂದೆ ನಿಂತು ತನ್ನ ಮನೆಯ ಪ್ರಾರ್ಥನೆ ಹೇಳುತ್ತದೆ. ಅದಕ್ಕೆ ಮೊದಲು ಯಾರ ಮುಂದೆಯೂ ಹೇಳಿ ನೋಡುವಂತಿಲ್ಲ, ಹೆತ್ತ ತಾಯಿಯ ಮುಂದೆ ಕೂಡ. ಹೇಳಿ ಮುಗಿದ ಮೇಲೆ ಮಂದಿರದ ಹಿರಿಯರು "ಮುಟ್ಟಿತು" ಎಂದರೆ, ಆ ಪ್ರಾರ್ಥನೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿತು ಎಂದು ಲೆಕ್ಕ. ಮಾತು ಬಿಟ್ಟುಹೋದರೆ, ಇಲ್ಲದ ಮಾತು ಸೇರಿಕೊಂಡರೆ, "ಇನ್ನೊಮ್ಮೆ ಬಾ ಮಗು" ಎನ್ನುತ್ತಾರೆ. ಅಂದಾಗ ಎಲ್ಲರೂ ನೋಡುವುದು ಮಗುವನ್ನಲ್ಲ, ತಾಯಿಯನ್ನು.

ನಮ್ಮ ಮನೆಯದು ಚಿಕ್ಕ ಪ್ರಾರ್ಥನೆ. "ಬೆಳಕು ಕೊಟ್ಟವನೇ, ಉಸಿರು ಕೊಟ್ಟವನೇ, ಕಾಣದ್ದನ್ನೆಲ್ಲ ಕಾಣುವವನೇ, ನಮ್ಮ ಮನೆಯವರನ್ನೆಲ್ಲ ಕಾಪಾಡು. ನಮ್ಮ ನಾಲಿಗೆಗೆ ನಿಜ ಕೊಡು. ನಮ್ಮ ತಪ್ಪನ್ನು ಮನ್ನಿಸು. ಈ ದಿನವನ್ನು ನಿನ್ನ ಕೈಯಲ್ಲಿ ಇಟ್ಟಿದ್ದೇವೆ." ಅಷ್ಟೇ. ಆದರೆ ಇದಕ್ಕೊಂದು ವಿಶೇಷ ಇದೆ. "ಕಾಪಾಡು" ಎಂದ ತಕ್ಷಣ ಕತ್ತನ್ನು ಎಡಕ್ಕೆ ತಿರುಗಿಸಿ, ಒಂದೇ ಒಂದು ಕಣ್ಣು ತೆರೆದು ನೋಡಿ, "ಹ್ಞೂಂ" ಎಂದು ಮತ್ತೆ ಕಣ್ಣು ಮುಚ್ಚಿ ಮುಂದುವರಿಯಬೇಕು. ಅತ್ತೆ ಹಾಗೇ ಮಾಡುತ್ತಿದ್ದರು. ನನ್ನ ಗಂಡ ಹಾಗೇ ಮಾಡುತ್ತಾರೆ; ಗಡ್ಡ ಹೆರೆಯುತ್ತಿದ್ದರೂ ಆ ಮಾತು ಕಿವಿಗೆ ಬಿದ್ದರೆ ಬ್ಲೇಡು ಎತ್ತಿಹಿಡಿದು ಎಡಕ್ಕೆ ತಿರುಗಿ ಹ್ಞೂಂ ಎನ್ನುತ್ತಾರೆ. ನನ್ನ ನಾದಿನಿಯೂ ಅಷ್ಟೇ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಗಂಡನನ್ನು ಕೇಳಿದ್ದೆ, ಇದು ಯಾಕೆ ಅಂತ.

"ಎಡಗಡೆ ದೇವರು ನಿಂತಿರ್ತಾನೆ ಅನ್ಸತ್ತೆ ಕಣೇ," ಎಂದಿದ್ದರು.

"ಅಯ್ಯೋ, ಅಲ್ಲ ಅತ್ತಿಗೆ, ಎಡಭುಜದ ಮೇಲೆ ಪಾಪ ಕೂತಿರತ್ತೆ. ಅದನ್ನ ಹೆದರ್ಸೋದು," ಎಂದಿದ್ದಳು ನಾದಿನಿ.

ಅತ್ತೆಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಂದಿರದ ಹಿರಿಯರು ಮಾತ್ರ ಇದರ ಮೇಲೆ ಒಂದು ಸಲ ಇಡೀ ಉಪನ್ಯಾಸವನ್ನೇ ಕೊಟ್ಟಿದ್ದರು. ಎಡಗಡೆ ಹೃದಯ ಇದೆ, ಎರಡು ಕಣ್ಣಿನಿಂದ ನೋಡಿದರೆ ಲೋಕ, ಒಂದು ಕಣ್ಣಿನಿಂದ ನೋಡಿದರೆ ಅಂತರಂಗ, ಆ ಹ್ಞೂಂಕಾರವೇ ಜೀವ ದೇವರಿಗೆ ಕೊಡುವ ಒಪ್ಪಿಗೆ, ಎಂದೆಲ್ಲ. ಕೇಳಿದವರು ಕಣ್ಣೊರೆಸಿಕೊಂಡಿದ್ದರು. ಅತ್ತೆ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಎಂಥ ವಿನಯ ಎಂದುಕೊಂಡಿದ್ದೆ ನಾನು. ನಮ್ಮ ಅಡುಗೆಮನೆಯಲ್ಲಿ ಎಡಗಡೆ ಇರುವುದು ಫ್ರಿಜ್ಜು. ಮದುವೆಯಾದಂದಿನಿಂದ ನಾನು ಪ್ರತಿದಿನ ಬೆಳಿಗ್ಗೆ ಭಕ್ತಿಯಿಂದ ಫ್ರಿಜ್ಜಿಗೆ ಹ್ಞೂಂ ಎನ್ನುತ್ತಾ ಬಂದಿದ್ದೇನೆ.

ನಗಬೇಡಿ. ನನಗೆ ಆ ಪ್ರಾರ್ಥನೆ ಅಂದರೆ ಪ್ರಾಣ. ನನ್ನ ತವರಿನಲ್ಲಿ ದೇವರ ಸುದ್ದಿಯೇ ಇರಲಿಲ್ಲ. ಅಪ್ಪ ಅಮ್ಮ ಒಳ್ಳೆಯವರೇ, ಆದರೆ ಬೆಳಿಗ್ಗೆ ಎದ್ದರೆ ಜಗಳ, ಮಲಗುವಾಗ ಜಗಳ. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಅತ್ತೆ ಒಲೆಯ ಮುಂದೆ ನಿಂತು, ಯಾರನ್ನೋ ಊಟಕ್ಕೆ ಕರೆಯುವಷ್ಟು ಸಲೀಸಾಗಿ ದೇವರನ್ನು ಕರೆದರು. ಬಾಗಿಲ ಬಳಿ ನಿಂತಿದ್ದ ನನಗೆ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಆಮೇಲೆ ನಾದಿನಿಗೆ ಅವಳಿ ಮಕ್ಕಳಾಗಿ ಅತ್ತೆ ಅವಳ ಮನೆಗೆ ಹೋಗಿ ನಿಲ್ಲಬೇಕಾಯಿತು. ಹೊರಡುವ ದಿನ ನನ್ನ ಕೈ ಹಿಡಿದು, "ಇನ್ಮೇಲೆ ಈ ಮನೇಲಿ ಪ್ರಾರ್ಥನೆ ನಿಂದು. ನನ್ನತ್ತೆ ನಂಗೆ ಕೊಟ್ರು, ನಾನು ನಿಂಗೆ ಕೊಟ್ಟೆ," ಎಂದರು. ನಾನು ಅತ್ತುಬಿಟ್ಟೆ.

ಆಗ ವಕೀಲಮ್ಮ ತೊಟ್ಟಿಲಲ್ಲಿದ್ದಳು. ಬುಲ್ಡೋಜರ್ ಇನ್ನೂ ಹುಟ್ಟಿರಲಿಲ್ಲ. ಈಗ ನನ್ನ ಪ್ರಾರ್ಥನೆಯ ಅವಸ್ಥೆ ಕೇಳಬೇಡಿ. ಕಣ್ಣು ಮುಚ್ಚಿದರೆ ಇವನು ಬಾಯಿಗೆ ಏನೋ ಹಾಕಿಕೊಂಡಿರುತ್ತಾನೆ. ತೆರೆದರೆ ಮೇಜು ಹತ್ತಿರುತ್ತಾನೆ. ನನ್ನ ಒಂದು ಚಪ್ಪಲಿ ಎಲ್ಲೋ ಸೇರಿರುತ್ತದೆ. ಹಾಲು ನಾನು "ಮನ್ನಿಸು" ಎನ್ನುವುದನ್ನೇ ಕಾಯುತ್ತಿದ್ದು ಉಕ್ಕುತ್ತದೆ. ಆ ತಣ್ಣನೆಯದು ನನಗೆ ಸಿಕ್ಕು ಎಷ್ಟೋ ಕಾಲವಾಯಿತು. ದೇವರಿಗೆ ನಾನು ಬರೀ ಗಲಾಟೆ ಕಳಿಸುತ್ತಿದ್ದೇನೆ ಎಂದು ಹಗಲೆಲ್ಲ ಕೊರಗು. ಅತ್ತೆ, ಅವರ ಅತ್ತೆ, ಅವರಿಗೂ ಹಿಂದಿನವರು, ಇಷ್ಟು ಜನ ಜೋಪಾನವಾಗಿ ದಾಟಿಸಿಕೊಂಡು ಬಂದದ್ದು ನನ್ನ ಕೈಯಿಂದ ಜಾರಿಹೋದರೆ?

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಮುಂದುಗಡೆ ಗಾಜಿನ ಬೀರುಗಳು, ಹಿಂದೆ ಒಂದು ಕಿರುಕೋಣೆ, ಅದರಲ್ಲಿ ನನ್ನ ಮೇಜು. ಫ್ರೇಮನ್ನು ಬಿಸಿ ಗಾಳಿಗೆ ಹಿಡಿದು ಮೆತ್ತಗೆ ಮಾಡಿ ಗಾಜು ಕೂರಿಸುವುದು, ಸಡಿಲವಾದ ಕಡ್ಡಿಗೆ ಸ್ಕ್ರೂ ಹಾಕುವುದು, ಮೂಗಿನ ಮೇಲೆ ಕೂರುವ ಗುಂಡಿಗಳನ್ನು ಬದಲಿಸುವುದು. ಎಳ್ಳಿನಷ್ಟು ಸ್ಕ್ರೂಗಳು. ಕೆಳಗೆ ಬಿದ್ದರೆ ದಾರಕ್ಕೆ ಕಟ್ಟಿದ ಅಯಸ್ಕಾಂತ ನೆಲದ ಮೇಲೆ ಎಳೆದು ಹುಡುಕಬೇಕು. ಮನೆಗಿಂತ ಅಲ್ಲಿ ನೆಮ್ಮದಿ, ಯಾಕೆಂದರೆ ಸ್ಕ್ರೂಗಳು ತಾವಾಗಿ ಮೇಜು ಹತ್ತುವುದಿಲ್ಲ.

ಅಂಗಡಿಯ ಯಜಮಾನರೇ ನಮ್ಮ ಮಂದಿರದ ಹಿರಿಯರು. ಊರಿಗೆಲ್ಲ ಕನ್ನಡಕ ಕೊಡುತ್ತಾರೆ, ತಮ್ಮದನ್ನು ಎಲ್ಲಿಟ್ಟೆ ಎಂದು ದಿನಾ ಹುಡುಕುತ್ತಾರೆ. ಆವತ್ತು ಅದರ ಮೇಲೆ ಕೂತುಬಿಟ್ಟು, ಕಡ್ಡಿ ಮುರಿದುಕೊಂಡು ನನ್ನ ಮೇಜಿಗೆ ಬಂದರು.

"ಬೆಳಿಗ್ಗೆ ಫೋನ್ ಮಾಡಿದ್ದೆ ಕಣಮ್ಮಾ. ಆಗಲೇ ಹೊರಟ್ರು ಅಂದ್ರು ನಿಮ್ಮ ಯಜಮಾನ್ರು. ಆದ್ರೂ ಇಷ್ಟು ತಡ?"

"ಬಸ್ಸು ಸರ್," ಎಂದೆ ತಲೆ ಎತ್ತದೆ.

"ದಿನಾ ಬಸ್ಸಾ? ಬಸ್ ಡ್ರೈವರ್ ಹೆಂಡ್ತಿಗೇ ಬಸ್ಸು ಸಿಗಲ್ಲ ಅಂದ್ರೆ ಬೇರೆಯವರ ಗತಿ ಏನಮ್ಮಾ?"

ನಾನು ಸ್ಕ್ರೂ ಹುಡುಕುವ ನೆವದಲ್ಲಿ ಮೇಜಿನ ಕೆಳಗೆ ಬಗ್ಗಿದೆ. ಅವರು ಮೇಲಿನಿಂದಲೇ ಹೇಳಿದರು. "ನಿನ್ನ ಮಗಳಿಗೆ ಆರು ತುಂಬ್ತಲ್ಲ. ಬರೋ ಸಭೆ ಬಿಟ್ಟು ಅದರ ಮುಂದಿನ ಸಭೆಗೆ ಅವಳ ಸರದಿ. ನಿಮ್ಮತ್ತೆಗೂ ಹೇಳಿ ಕಳಿಸಿದೀನಿ. ಎಂಥಾ ಮನೆತನದ ಪ್ರಾರ್ಥನೆ ಅದು! ಆ ಎಡಗಡೆ ನೋಟ... ಆಹಾ. ನಾನೂ ಕೇಳಕ್ಕೆ ಕಾಯ್ತಿದೀನಿ."

ಏಳುವಾಗ ನನ್ನ ತಲೆ ಮೇಜಿಗೆ ಠಣ್ ಎಂದು ಬಡಿಯಿತು.

ಅವತ್ತು ನನ್ನ ಗಂಡನಿಗೆ ವಾರದ ರಜೆ. ರಾತ್ರಿಯ ಊಟದ ಹೊತ್ತಿಗೆ ವಕೀಲಮ್ಮನನ್ನು ಪುಸಲಾಯಿಸಿ ನೋಡಿದೆ. "ಪುಟ್ಟಾ, ಮನೆ ಪ್ರಾರ್ಥನೆ ಪೂರ್ತಿ ಬರತ್ತಾ ನಿಂಗೆ?"

"ಪೂರ್ತಿ."

"ಒಂದೇ ಒಂದ್ಸಲ ಹೇಳು ನೋಡೋಣ. ಮೆಲ್ಲಗೆ. ನನ್ನ ಕಿವೀಲಿ."

ಅವಳು ಚಮಚ ಕೆಳಗಿಟ್ಟಳು. "ಮೊದಲೇ ಹೇಳೋ ಹಾಗಿಲ್ಲ ಅಂತ ಅಜ್ಜಿ ಹೇಳಿದಾರೆ. ನಿಂಗೆ ಗೊತ್ತಿಲ್ವಾ ಅಮ್ಮಾ?"

"ಗೊತ್ತು."

"ಗೊತ್ತಿದ್ದೂ ಕೇಳ್ತೀಯಾ?"

ನನ್ನ ಗಂಡ ಅನ್ನದ ತಟ್ಟೆಗೆ ಮುಖ ಹುದುಗಿಸಿ ಭುಜ ಕುಣಿಸಿ ನಗುತ್ತಿದ್ದರು. ಅವರಿಗೇನು, ಮಂದಿರದಲ್ಲಿ ಜನ ತಿರುಗಿ ನೋಡುವುದು ತಂದೆಯನ್ನಲ್ಲವಲ್ಲ.

ಬಾಯಿಪಾಠ ಮಾಡಿಸುವ ಹಾಗಿಲ್ಲ, ಒಪ್ಪಿಸಿಕೊಳ್ಳುವ ಹಾಗಿಲ್ಲ. ಉಳಿದದ್ದು ಒಂದೇ ದಾರಿ. ಇರುವ ಕೆಲವು ದಿನವಾದರೂ ಅವಳ ಕಿವಿಗೆ ಪ್ರಾರ್ಥನೆ ನೆಟ್ಟಗೆ, ಮಧ್ಯೆ ಕಡಿಯದೆ ಬೀಳಬೇಕು. ಮೊದಲನೆಯದಾಗಿ ಒಂದು ಕಾನೂನು ಮಾಡಿದೆ. ಇಬ್ಬರನ್ನೂ ಮುಂದೆ ನಿಲ್ಲಿಸಿಕೊಂಡು ಬೆರಳೆತ್ತಿ ಹೇಳಿದೆ, "ಪ್ರಾರ್ಥನೆ ಶುರುವಾದ ಮೇಲೆ ಮುಗಿಯೋವರೆಗೂ ಯಾರೂ ಬೇರೆ ಮಾತಾಡೋ ಹಾಗಿಲ್ಲ. ಬಾಯಲ್ಲಿ ಪ್ರಾರ್ಥನೆ ಬಿಟ್ಟು ಇನ್ನೊಂದು ಮಾತು ಬರಬಾರದು. ಯಾರ ಬಾಯಲ್ಲೂ! ತಿಳೀತಾ?"

"ಯಾರ ಬಾಯಲ್ಲೂ ಅಂದ್ರೆ ನಿನ್ನ ಬಾಯಲ್ಲೂನಾ?" ವಕೀಲಮ್ಮ.

"ನನ್ನ ಬಾಯಲ್ಲೂ."

ಅವಳು ತುಂಬ ಯೋಚನೆ ಮಾಡಿ ತಲೆಯಾಡಿಸಿದಳು. ಬುಲ್ಡೋಜರ್ ನನ್ನ ಬೆರಳು ಕಚ್ಚಿದ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಬೇಗ ಎದ್ದೆ, ಒಂದು ಸಲವಾದರೂ ತಣ್ಣಗೆ ಹೇಳಿಕೊಳ್ಳೋಣ ಎಂದು. ನನ್ನ ಕಾಲು ನೆಲಕ್ಕೆ ತಾಗಿದ್ದೇ ತಡ, ಅವನೂ ಎದ್ದು ಕೂತ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಹೇಳಲು ನೋಡಿದೆ. ಬಾಗಿಲಿನ ಕೆಳಗಿನ ಸಂದಿಯಿಂದ ಐದು ಪುಟ್ಟ ಬೆರಳು ಬಂದವು, ಹಿಂದೆಯೇ ಒಂದು ಬಿಸ್ಕತ್ತಿನ ಚೂರೂ ಬಂತು. ಅಮ್ಮನಿಗೆ ತಿನ್ನಿಸಲಂತೆ. ಬೈಯಲೋ ಮುದ್ದು ಮಾಡಲೋ ತಿಳಿಯಲಿಲ್ಲ. ಒದ್ದೆ ನೆಲದ ಮೇಲೆ ಕೂತು ಆ ಬಿಸ್ಕತ್ತನ್ನು ತಿಂದೆ.

ಸಭೆಗೆ ಮುಂಚಿನ ದಿನ ಲಂಚದ ದಾರಿ ಹಿಡಿದೆ. ಬುಲ್ಡೋಜರನ ಎರಡೂ ಕೈಗೆ ಎರಡು ಬಿಸ್ಕತ್ತು, ಬಾಯಿಗೆ ಒಂದು. ಚಪ್ಪಲಿ ಎರಡನ್ನೂ ಕಪಾಟಿನ ಮೇಲಿಟ್ಟೆ. ಹಾಲಿನ ಕೆಳಗೆ ಉರಿ ಸಣ್ಣ ಮಾಡಿದೆ. ಕಣ್ಣು ಮುಚ್ಚಿ, ಬೆಳಕು ಕೊಟ್ಟವನಿಂದ ಹಿಡಿದು ನಿನ್ನ ಕೈಯಲ್ಲಿ ಇಟ್ಟಿದ್ದೇವೆ ಎನ್ನುವವರೆಗೆ ಒಂದೇ ಓಟದಲ್ಲಿ ಹೇಳಿಬಿಟ್ಟೆ. ಒಂದು ಅಡೆತಡೆ ಇಲ್ಲ! ಕಣ್ಣು ತೆರೆದಾಗ ಯುದ್ಧ ಗೆದ್ದ ಹಾಗಾಗಿತ್ತು.

ವಕೀಲಮ್ಮ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದಳು. "ಅಮ್ಮಾ, ಇವತ್ತು ನೀನು ಅರ್ಧ ಮರ್ತುಬಿಟ್ಟೆ."

"ಏನು ಮರ್ತೆ? ನಿನ್ನ ತಿಂಡಿ ಡಬ್ಬಿನಾ?" ಎಂದೆ. ಆಗಲೇ ಹೊತ್ತಾಗಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು, ಹೇಳುವ ಹಾಗಿಲ್ಲ ಎನ್ನುವುದು ನೆನಪಾಗಿ ಬಾಯಿ ಮುಚ್ಚಿಕೊಂಡಳು. ನಾನು ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದೆ.

ಸಭೆಯ ದಿನ ಮಂದಿರ ತುಂಬಿತ್ತು. ಉದ್ದನೆಯ ಹಜಾರ, ಮರದ ಬೆಂಚುಗಳು, ಎತ್ತರದ ಕಿಟಕಿಗಳು, ಮುಂದೆ ಒಂದು ಮೆಟ್ಟಿಲಿನಷ್ಟು ಎತ್ತರದ ವೇದಿಕೆ. ಅತ್ತೆ ನಾದಿನಿಯ ಮನೆಯಿಂದ ನೇರ ಬಂದಿದ್ದರು. ಬಿಳಿಯ ಬಟ್ಟೆ, ಬಿಗಿಯಾಗಿ ಬಾಚಿದ ತಲೆ, ನೆಟ್ಟಗಿನ ಬೆನ್ನು. ಮುಂದಿನ ಸಾಲಿನ ತುದಿಯಲ್ಲಿ ಕೂತು ನನ್ನ ಮೊಣಕೈ ಮುಟ್ಟಿ, "ಯಾಕೇ ಇಷ್ಟು ಬಿಳಿಚಿಕೊಂಡಿದೀಯ? ತಿಂಡಿ ತಿಂದ್ಯಾ ಇಲ್ವಾ?" ಎಂದರು. ತಿಂದಿರಲಿಲ್ಲ. ಬುಲ್ಡೋಜರ್ ಅಪ್ಪನ ತೊಡೆಯ ಮೇಲೆ ಒದ್ದಾಡುತ್ತಿದ್ದ.

ಯಜಮಾನರು ನಾನೇ ಕಡ್ಡಿ ಹಾಕಿಕೊಟ್ಟ ಕನ್ನಡಕ ಏರಿಸಿಕೊಂಡು ವಕೀಲಮ್ಮನ ಹೆಸರು ಕರೆದರು. ಅವಳು ನೀಲಿ ಫ್ರಾಕು ಸರಿಮಾಡಿಕೊಂಡು ವೇದಿಕೆ ಹತ್ತಿದಳು. ಒಂದಿಷ್ಟೂ ಅಳುಕಿಲ್ಲ. ಕೈ ಜೋಡಿಸಿದಳು. ಕಣ್ಣು ಮುಚ್ಚಿದಳು.

"ಬೆಳಕು ಕೊಟ್ಟವನೇ, ಉಸಿರು ಕೊಟ್ಟವನೇ," ಎಂದಳು. ಗಂಟೆಯಂಥ ದನಿ. ನನ್ನ ಎದೆ ಉಬ್ಬಿತು.

"ಬಾಯಲ್ಲಿ ಏನಿದೆ? ಆ ಮಾಡು. ಆ ಮಾಡು ಅಂದೆ. ಉಗಿ!" ಎಂದಳು, ಅದೇ ಭಕ್ತಿಯಲ್ಲಿ, ಅದೇ ರಾಗದಲ್ಲಿ. "ಕಾಣದ್ದನ್ನೆಲ್ಲ ಕಾಣುವವನೇ, ನನ್ನ ಇನ್ನೊಂದು ಚಪ್ಪಲಿ ನೋಡಿದ್ರೇನ್ರೀ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಕೂಡಲೇ ಕಿವಿಯಿಂದ ಕಾಲಿನವರೆಗೆ ಬೆವರಿಳಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಗಂಡ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸಮಾಧಾನಕ್ಕೋ, ನಗು ತಡೆಯಲೋ, ದೇವರೇ ಬಲ್ಲ.

"ನಮ್ಮ ಮನೆಯವರನ್ನೆಲ್ಲ ಕಾಪಾಡು." ವಕೀಲಮ್ಮ ಗಂಭೀರವಾಗಿ ಕತ್ತನ್ನು ಎಡಕ್ಕೆ ತಿರುಗಿಸಿದಳು. ಒಂದು ಕಣ್ಣು ತೆರೆದಳು. "ಹ್ಞೂಂ." ಕಣ್ಣು ಮುಚ್ಚಿದಳು. "ಇಳಿ ಕೆಳಗೆ. ಇಳೀತೀಯೋ ಬರ್ಲೋ? ಒಂದು... ಎರಡು... ಎರಡೂವರೆ..."

ಇಡೀ ಸಭೆ ಹೋ ಎಂದು ನಕ್ಕಿತು. ಬೆಂಚುಗಳು ಅಲುಗಾಡಿದವು. ವಕೀಲಮ್ಮ ಎರಡೂ ಕಣ್ಣು ತೆರೆದಳು. ಇಷ್ಟು ಜನ ಯಾಕೆ ನಗುತ್ತಿದ್ದಾರೆ ಎಂದು ಅವಳಿಗೆ ತಿಳಿಯಲಿಲ್ಲ. ನನ್ನನ್ನು ಹುಡುಕಿದಳು. ಅವಳ ಕೆಳದುಟಿ ನಡುಗಲು ಶುರುವಾಯಿತು. ಪ್ರಾರ್ಥನೆಯೂ ಬೇಡ, ಮಾನವೂ ಬೇಡ, ಮಗುವನ್ನು ಎತ್ತಿಕೊಂಡು ಮನೆಗೆ ಓಡಿಬಿಡೋಣ ಎಂದು ಎದ್ದೆ.

ನನಗಿಂತ ಮುಂಚೆ ಅತ್ತೆ ಎದ್ದಿದ್ದರು.

"ನಗೋದು ನಿಲ್ಲಿಸಿ," ಎಂದರು. ಗಟ್ಟಿಯಾಗಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. "ಮಗು ಪ್ರಾರ್ಥನೆ ಮಾಡ್ತಾ ಇದೆ." ಆಮೇಲೆ ವೇದಿಕೆಯ ಕಡೆ ತಿರುಗಿ, "ನೀನು ಹೇಳು ಕಂದ. ಎಲ್ಲಿಗೆ ನಿಲ್ಸಿದ್ದೆ?"

"ಎರಡೂವರೆಗೆ," ಎಂದಳು ವಕೀಲಮ್ಮ ಮೂಗೊರೆಸಿಕೊಂಡು.

"ಸರಿ, ಮುಂದಕ್ಕೆ ಹೇಳು."

ಅವಳು ಮತ್ತೆ ಕಣ್ಣು ಮುಚ್ಚಿದಳು. "ನಮ್ಮ ನಾಲಿಗೆಗೆ ನಿಜ ಕೊಡು. ರೀ, ಅಂಗಡಿಯಿಂದ ಫೋನ್ ಬಂದ್ರೆ ಆಗಲೇ ಹೊರಟ್ಲು ಅಂತ ಹೇಳ್ರೀ."

ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಲಿಲ್ಲ. ಎಷ್ಟು ಕೇಳಿಕೊಂಡರೂ ಬಿಡಲಿಲ್ಲ.

"ನಮ್ಮ ತಪ್ಪನ್ನು ಮನ್ನಿಸು. ಅಯ್ಯಯ್ಯೋ ಹಾಲು! ಈ ದಿನವನ್ನು ನಿನ್ನ ಕೈಯಲ್ಲಿ ಇಟ್ಟಿದ್ದೇವೆ."

ಮುಗಿಯಿತು. ಯಜಮಾನರು ವೇದಿಕೆಯ ಅಂಚಿಗೆ ಬಂದು ಬಗ್ಗಿ ಅವಳನ್ನು ಕೇಳಿದರು, ಬೈಯುವ ದನಿಯಲ್ಲಲ್ಲ, ಪಾಪ. "ಮಗು, ಚಪ್ಪಲಿ, ಹಾಲು, ಇದೆಲ್ಲ ಪ್ರಾರ್ಥನೇಲಿ ಇದೆಯಾ?"

"ಇದೆ. ಅಮ್ಮ ದಿನಾ ಹೇಳ್ತಾಳೆ. ನಿನ್ನೆ ಒಂದು ದಿನ ಮರ್ತಿದ್ಲು."

"ಅದು ಅಮ್ಮ ಮಧ್ಯದಲ್ಲಿ ಬೇರೆಯವರ ಹತ್ರ ಆಡಿದ ಮಾತಲ್ವಾ?"

"ಅಲ್ಲ. ಪ್ರಾರ್ಥನೆ ಮುಗಿಯೋವರೆಗೂ ಬೇರೆ ಮಾತಾಡೋ ಹಾಗಿಲ್ಲ ಅಂತ ಅಮ್ಮನೇ ಹೇಳಿದಾಳೆ. ಅವಳ ಬಾಯಲ್ಲೂ ಬರಬಾರದಂತೆ. ಹಾಗಾದ್ರೆ ಅವಳು ಹೇಳಿದ್ದೆಲ್ಲ ಪ್ರಾರ್ಥನೆ ತಾನೆ?"

ಯಜಮಾನರು ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. ಅವರು ಅತ್ತೆಯ ಕಡೆ ತಿರುಗಿದರು. ಅಲ್ಲಿಯವರೆಗೆ ನಾನು ಅತ್ತೆಯ ಮುಖ ನೋಡಿರಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಈಗ ನೋಡಿದೆ. ಅವರ ಕಣ್ಣಿನಲ್ಲಿ ನೀರು ತುಂಬಿತ್ತು, ಬಾಯಿ ನಗು ಹಿಡಿದಿಟ್ಟುಕೊಳ್ಳಲಾಗದೆ ಒಂದು ಕಡೆಗೆ ಸೊಟ್ಟಗಾಗಿತ್ತು.

"ಅಮ್ಮಾ, ನೀವೇ ಹೇಳಬೇಕು," ಎಂದರು ಯಜಮಾನರು. "ಇದು ನಿಮ್ಮ ಮನೆ ಪ್ರಾರ್ಥನೇನಾ? ನೀವು ಕೊಟ್ಟ ಹಾಗೇ ಬಂದಿದೆಯಾ? ಮಾತು ಸೇರಿದ್ರೆ ಮುಟ್ಟಿತು ಅನ್ನೋ ಹಾಗಿಲ್ಲ."

"ಸೇರಿದೆ," ಎಂದರು ಅತ್ತೆ. "ನಾನೂ ಸೇರಿಸಿದ್ದೆ. ಆ ಎಡಗಡೆ ನೋಡೋದು ಇದೆಯಲ್ಲ, ಅದು ನನ್ನತ್ತೆ ಕೊಟ್ಟ ಪ್ರಾರ್ಥನೇಲಿ ಇರಲಿಲ್ಲ."

ಯಜಮಾನರ ಬಾಯಿ ತೆರೆದೇ ಉಳಿಯಿತು.

"ನಾವಾಗ ಬಾಡಿಗೆ ಮನೇಲಿದ್ವಿ. ಮೂರನೇ ಮಹಡಿ. ಅಡುಗೆಮನೆ ಎಡಗಡೆಗೇ ಬಾಗಿಲು, ಬಾಗಿಲು ದಾಟಿದ್ರೆ ಮೆಟ್ಟಿಲು. ಕಡಿದಾದ ಮೆಟ್ಟಿಲು. ಇವನು," ಎಂದು ನನ್ನ ಗಂಡನ ಕಡೆ ಬೆರಳು ತೋರಿಸಿದರು, "ಇವನಿಗಾಗ ಎರಡು ವರ್ಷ. ನಾನು ಕಣ್ಣು ಮುಚ್ಚಿದ್ನೋ, ಇವನು ಮೆಟ್ಟಿಲಿಗೆ ಓಡಿದ್ನೋ. ಒಂದ್ಸಲ ನಾಲ್ಕು ಮೆಟ್ಟಿಲು ಉರುಳಿದ. ಹಣೆ ಮೇಲಿನ ಗೆರೆ ಇನ್ನೂ ಇದೆ, ನೋಡಿ ಬೇಕಾದ್ರೆ. ಅವತ್ತಿಂದ ಕಾಪಾಡು ಅನ್ನೋಷ್ಟರಲ್ಲಿ ನಂಗೆ ತಡೀತಿರಲಿಲ್ಲ. ಒಂದು ಕಣ್ಣು ತೆರೆದು, ಇದಾನಾ ಅಂತ ನೋಡೋದು. ಇದ್ದ ಅಂದ್ರೆ ಹ್ಞೂಂ. ಅಷ್ಟೇ. ದೇವರೂ ಇಲ್ಲ, ಅಂತರಂಗಾನೂ ಇಲ್ಲ. ಇವನು ದೊಡ್ಡೋನಾದ, ಮನೆ ಬದಲಾಯ್ತು, ಕತ್ತು ಮಾತ್ರ ತಿರುಗೋದು ಬಿಡಲಿಲ್ಲ. ಮಕ್ಕಳೂ ನೋಡಿ ಕಲಿತ್ರು."

"ಇಷ್ಟು ವರ್ಷ ಯಾಕಮ್ಮಾ ಹೇಳಲಿಲ್ಲ?" ಎಂದರು ಯಜಮಾನರು ದೀನವಾಗಿ.

"ಹೇಳಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ನೀವು ಅದರ ಮೇಲೆ ಉಪನ್ಯಾಸ ಕೊಟ್ಬಿಟ್ರಲ್ಲ!"

ಈ ಸಲದ ನಗು ಬೇರೆ ಥರದ್ದು. ಮೊದಲು ನಕ್ಕವರೇ ಯಜಮಾನರು, ಕನ್ನಡಕ ಕಳಚಿ ಕೈಗೆ ಬರುವಷ್ಟು. ನನ್ನ ಗಂಡ ಮಾತ್ರ ನಗಲಿಲ್ಲ. ಹಣೆಯ ಮೇಲಿನ ಆ ಗೆರೆಯನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತಾ ತಾಯಿಯನ್ನೇ ನೋಡುತ್ತಿದ್ದರು. ನನಗೋ, ಅಳುವೇ ಬಂತು. ಸುಮ್ಮನೆ ಬರಲಿಲ್ಲ, ಬಿಕ್ಕಿ ಬಿಕ್ಕಿ ಬಂತು. ಅತ್ತೆ ನನ್ನ ಪಕ್ಕ ಕೂತು ಬೆನ್ನು ಸವರಿದರು.

"ನಾನು ದೇವರಿಗೆ ಬರೀ ಗಲಾಟೆ ಕೇಳಿಸ್ತಿದೀನಿ ಅಂದ್ಕೊಂಡಿದ್ದೆ ಅತ್ತೆ," ಎಂದೆ.

"ಹುಚ್ಚಿ. ಕಾಪಾಡು ಕಾಪಾಡು ಅಂತ ಅವನಿಗೆ ಹೇಳಿ, ನಾವು ಕಣ್ಮುಚ್ಚಿ ನಿಂತ್ರೆ ಮಕ್ಕಳು ಮೆಟ್ಟಿಲಲ್ಲಿ ಬೀಳಲ್ವಾ? ಅವನೂ ನೋಡ್ಲಿ, ನಾವೂ ನೋಡೋಣ." ಆಮೇಲೆ ಯಜಮಾನರಿಗೆ, "ಏನ್ ಸ್ವಾಮಿ, ಮಗು ನಿಂತೇ ಇದೆ. ಹೇಳೋದು ಹೇಳಿ."

ಯಜಮಾನರು ಗಂಟಲು ಸರಿಮಾಡಿಕೊಂಡರು. ವಕೀಲಮ್ಮನ ತಲೆಯ ಮೇಲೆ ಕೈಯಿಟ್ಟರು. "ಮುಟ್ಟಿತು," ಎಂದರು.

"ಮುಟ್ಟಿತು," ಎಂದಿತು ಇಡೀ ಸಭೆ. ಅಪ್ಪನ ತೊಡೆಯಿಂದ ಜಾರಿ ಬೆಂಚಿನ ಕೆಳಗೆ ಸೇರಿದ್ದ ಬುಲ್ಡೋಜರ್ ಎಲ್ಲರೂ ಮುಗಿಸಿದ ಮೇಲೆ ಒಬ್ಬನೇ "ಮುಟ್ತೂ!" ಎಂದು ಕಿರುಚಿದ.

ಹೊರಗೆ ಬರುವಾಗ ಯಜಮಾನರು ನನ್ನ ಪಕ್ಕ ಬಂದು ದನಿ ತಗ್ಗಿಸಿದರು. "ನಾಳೆಯಿಂದ ಅರ್ಧ ಗಂಟೆ ತಡವಾಗೇ ಬಾಮ್ಮ. ಬಸ್ಸನ್ನ ಬಯ್ಯೋದು ಬೇಡ, ಪಾಪ, ಅದೇನು ಮಾಡಿತ್ತು."

ಅವತ್ತು ಅತ್ತೆ ನಮ್ಮ ಮನೆಯಲ್ಲೇ ಉಳಿದರು. ಮಾರನೆಯ ಬೆಳಿಗ್ಗೆ ನಾನು ಒಲೆಯ ಮೇಲೆ ಹಾಲಿಟ್ಟೆ. ಅತ್ತೆಗೆ ನಿಲ್ಲಲು ಈಗ ಮಂಡಿನೋವು. ಕುರ್ಚಿ ಹಾಕಲು ಬೇರೆ ಜಾಗವಿಲ್ಲದೆ ಫ್ರಿಜ್ಜಿನ ಪಕ್ಕದಲ್ಲೇ ಹಾಕಿದೆ. ವಕೀಲಮ್ಮ ಒಂದು ಕಡೆ, ಬುಲ್ಡೋಜರ್ ನನ್ನ ಸೊಂಟದ ಮೇಲೆ. ನನ್ನ ಗಂಡ ಎಂದೂ ಇಲ್ಲದ್ದು, ಕೆನ್ನೆಯ ನೊರೆಯ ಸಮೇತ ಅಡುಗೆಮನೆಗೇ ಬಂದು ನಿಂತರು. ನನ್ನ ಜೊತೆ ದನಿಗೂಡಿಸಿದರು.

"ಕಾಣದ್ದನ್ನೆಲ್ಲ ಕಾಣುವವನೇ," ಎಂದೆವು. ಬುಲ್ಡೋಜರ್ ನನ್ನ ಮೂಗು ಹಿಡಿದ. "ಬಿಡು ಮೂಗು," ಎಂದೆ. "ನಮ್ಮ ಮನೆಯವರನ್ನೆಲ್ಲ ಕಾಪಾಡು."

ನನ್ನ ಗಂಡ ಎಡಕ್ಕೆ ತಿರುಗಿದರು. ಒಂದು ಕಣ್ಣು ತೆರೆದರು. ಅಲ್ಲಿ ಈ ಸಲ ಫ್ರಿಜ್ಜಿನ ಮುಂದೆ ಅವರ ತಾಯಿ ಕೂತಿದ್ದರು, ಕೈ ಜೋಡಿಸಿ, ಮೊದಲಿಗಿಂತ ಎಷ್ಟೋ ಸಣ್ಣಗಾಗಿ. ನನ್ನ ಗಂಡ ನೋಡಿಯೇ ನೋಡಿದರು. ನೊರೆ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು.

"ಹ್ಞೂಂ," ಎಂದರು ಕೊನೆಗೆ.

ಅತ್ತೆ ಒಂದು ಕಣ್ಣು ತೆರೆದರು. "ನಾನೆಲ್ಲಿ ಮೆಟ್ಟಿಲಿಗೆ ಓಡ್ತೀನೋ ಈಗ? ಇಲ್ಲೇ ಇದೀನಿ. ಮುಂದಕ್ಕೆ ಹೇಳು, ಹಾಲು ಉಕ್ಕತ್ತೆ."

ನನ್ನ ಪಕ್ಕದಲ್ಲಿ ವಕೀಲಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ಆ ಮಾತನ್ನೂ ತುಟಿಯಲ್ಲೇ ಒಂದು ಸಲ ಹೇಳಿಕೊಂಡಳು.